ಎಲ್.ಎಂ., ಡಬ್ಲಿನ್

ದಕ್ಷಿಣ ಭಾರತದ ಪಟ್ಟಣಗಳಲ್ಲಿ ಹಿಂದಿನ ತಲೆಮಾರಿನ ಲೇಡಿ ಡಾಕ್ಟರರ ಮನೆಯ ಗೇಟಿಗೆ ತೂಗುಹಾಕಿದ್ದ ಹಿತ್ತಾಳೆಯ ಹಲಗೆಗಳನ್ನು ಕಂಡವರಿಗೆ, ಹೆಸರಿನ ಮುಂದೆ ಸಾಲಾಗಿ ನಿಂತ ಅಕ್ಷರಗಳ ಕೊನೆಯಲ್ಲಿ ಒಮ್ಮೊಮ್ಮೆ ‘ಎಲ್.ಎಂ., ಡಬ್ಲಿನ್’ ಎಂದು ಕೆತ್ತಿದ್ದುದು ನೆನಪಿರಬಹುದು. ಬಾಗಿಲಲ್ಲಿ ಕಾಯುತ್ತ ಕುಳಿತ ಬಸುರಿಯರಿಗೆ ಆ ಅಕ್ಷರಗಳ ಅರ್ಥ ತಿಳಿಯುತ್ತಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಡಾಕ್ಟರಮ್ಮನವರು ಸೀಮೆಗೆ ಹೋಗಿ ಕಲಿತು ಬಂದವರು ಎಂಬಷ್ಟು ಸಾಕಾಗಿತ್ತು. ಲೈಸೆನ್ಷಿಯೇಟ್ ಇನ್ ಮಿಡ್‌ವೈಫರಿ, ಅಂದರೆ ಸೂಲಗಿತ್ತಿಯ ವಿದ್ಯೆಯಲ್ಲಿ ಪರವಾನಗಿ ಪಡೆದವರು ಎಂಬುದು ಅದರ ಪೂರ್ಣರೂಪ. ನಮ್ಮ ಹಳ್ಳಿಗಳಲ್ಲಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬರುತ್ತಿದ್ದ ವಿದ್ಯೆಗಾಗಿ ಏಳು ಸಮುದ್ರ ದಾಟಿ ಹೋದವರು ಸೇರುತ್ತಿದ್ದ ಮನೆ ಐರ್ಲೆಂಡಿನ ರಾಜಧಾನಿಯಲ್ಲಿ ಇಂದಿಗೂ ಇದೆ. ಅದರ ಹೆಸರು ರೊಟುಂಡಾ.

ಲಿಫಿ ನದಿಯು ಡಬ್ಲಿನ್ ನಗರವನ್ನು ಉತ್ತರ ದಕ್ಷಿಣಗಳೆಂದು ಎರಡಾಗಿ ಸೀಳಿದೆ. ಉದ್ದಕ್ಕಿಂತ ಅಗಲವೇ ತುಸು ಹೆಚ್ಚಾದ ಓಕಾನೆಲ್ ಸೇತುವೆಯನ್ನು ದಾಟಿ ಉತ್ತರಕ್ಕೆ ನಡೆದರೆ ಅದೇ ಹೆಸರಿನ ವಿಶಾಲವಾದ ಬೀದಿ. ಎಡಗಡೆಯಲ್ಲಿ 1916ರ ದಂಗೆಯ ಕೇಂದ್ರವಾಗಿದ್ದ ದೊಡ್ಡ ಅಂಚೆ ಕಚೇರಿ. ಅದರ ಸಮೀಪದಲ್ಲೇ 2003ರಲ್ಲಿ ನಿಲ್ಲಿಸಿದ, ಆಕಾಶಕ್ಕೆ ಚುಚ್ಚಿದ ದಬ್ಬಣದಂತಿರುವ 120 ಮೀಟರಿನ ಉಕ್ಕಿನ ಕಂಬ. ಬೀದಿಯ ಕೊನೆಯಲ್ಲಿ ಪಾರ್ನೆಲ್ ಎಂಬ ರಾಷ್ಟ್ರನಾಯಕನ ಪ್ರತಿಮೆ ಕೈಯೆತ್ತಿ ನಿಂತಿದೆ. ಮಗ್ಗುಲಿನ ಮೂರ್ ಬೀದಿಯಲ್ಲಿ ಹಣ್ಣು ಹೂವು ಮಾರುವ ಹೆಂಗಸರ ಕೂಗು. ಎದುರಿಗೆ ಟ್ರಾಮಿನ ಗಂಟೆ. ಚೀನೀ ಕೊರಿಯನ್ ಭೋಜನಗೃಹಗಳ ವಾಸನೆ. ಎಲ್ಲಕ್ಕೂ ಮೇಲೆ, ಬರುವುದೋ ನಿಲ್ಲುವುದೋ ಎಂದು ನಿರ್ಧರಿಸಲಾರದ ಜಿಟಿಜಿಟಿ ಮಳೆ. ಈ ಗದ್ದಲದ ನಡುವೆ ಬೂದು ಕಲ್ಲಿನ, ಮೇಲೊಂದು ಗೋಪುರವಿರುವ, ಯಾರೋ ಸಿರಿವಂತನ ಅರಮನೆಯೆಂದು ತೋರುವ ಕಟ್ಟಡವೇ ಹೆರಿಗೆ ಆಸ್ಪತ್ರೆ. ಅರಮನೆಯೆಂದು ತೋರುವುದು ಆಕಸ್ಮಿಕವಲ್ಲ. ಈಗ ಐರ್ಲೆಂಡಿನ ಪಾರ್ಲಿಮೆಂಟು ಕೂಡುವ ಲೆನ್‌ಸ್ಟರ್ ಭವನವನ್ನು ಕಟ್ಟಿದ ಶಿಲ್ಪಿ ರಿಚರ್ಡ್ ಕ್ಯಾಸೆಲ್ಸನೇ ಇದರ ನಕ್ಷೆಯನ್ನೂ ಬರೆದವನು.

ಬಡ ಬಸುರಿಯರಿಗೆ ಅರಮನೆಯನ್ನು ಕಟ್ಟಬೇಕೆಂದು ಹಟ ತೊಟ್ಟವನು ಬಾರ್ತಲೊಮ್ಯೂ ಮಾಸ್ ಎಂಬ ವೈದ್ಯ. ಅವನೂ ಪರದೇಶಗಳಲ್ಲಿ ಕಲಿತವನೇ. ಸೈನ್ಯದ ಶಸ್ತ್ರವೈದ್ಯನಾಗಿ ಮಿನೋರ್ಕಾ ದ್ವೀಪಕ್ಕೆ ಹೋಗಿ, ಅಲ್ಲಿಂದ ಫ್ರಾನ್ಸ್, ಹಾಲೆಂಡುಗಳನ್ನು ಸುತ್ತಿ, ಅಲ್ಲಿಯ ಆಸ್ಪತ್ರೆಗಳಲ್ಲಿ ಪ್ರಸೂತಿ ವಿದ್ಯೆಯನ್ನು ಕಂಡುಬಂದ. ಊರಿಗೆ ಮರಳಿದ ಮೇಲೆ ಡಬ್ಲಿನ್ನಿನ ತೇವ ತುಂಬಿದ ನೆಲಮನೆಗಳಲ್ಲೂ ಗಾಳಿ ಕೊರೆಯುವ ಅಟ್ಟಗಳಲ್ಲೂ ಹುಲ್ಲಿನ ಮೇಲೆ ಹೆರುತ್ತಿದ್ದ ಹೆಂಗಸರನ್ನು ನೋಡಿ ಅವನಿಗೆ ನಿದ್ರೆ ಬಾರದಾಯಿತು. 1745ರಲ್ಲಿ ಪಾಳುಬಿದ್ದ ನಾಟಕಶಾಲೆಯೊಂದನ್ನು ಬಾಡಿಗೆಗೆ ಹಿಡಿದು ಹತ್ತು ಮಂಚಗಳನ್ನು ಹಾಕಿದ. ಅಷ್ಟಕ್ಕೇ ತೃಪ್ತನಾಗದೆ ಈಗಿನ ಜಾಗದಲ್ಲಿ ದೊಡ್ಡ ಕಟ್ಟಡಕ್ಕೆ ಕೈಹಾಕಿದ. 1757ರ ಡಿಸೆಂಬರಿನಲ್ಲಿ ಅದು ತೆರೆಯಿತು. ಅಂದಿನಿಂದ ಇಂದಿನವರೆಗೆ ಅದೇ ಜಾಗದಲ್ಲಿ ಮಕ್ಕಳು ಹುಟ್ಟುತ್ತಲೇ ಇವೆ.

ಹಣ ಎಲ್ಲಿಂದ ಬಂತು? ಇಲ್ಲಿ ಮಾಸನ ಬುದ್ಧಿವಂತಿಕೆಯನ್ನು ಮೆಚ್ಚಲೇಬೇಕು. ಆಸ್ಪತ್ರೆಯ ಹಿತ್ತಲಿನಲ್ಲಿ ಮೊದಲು ಉದ್ಯಾನವನ್ನು ಮಾಡಿಸಿ, ಸಂಜೆ ಸಂಗೀತ ಏರ್ಪಡಿಸಿ, ನಗರದ ಶ್ರೀಮಂತರು ರೇಷ್ಮೆಯುಟ್ಟು ಅಡ್ಡಾಡಲು ಚೀಟಿ ಮಾರಿದ. ಲಾಟರಿ ನಡೆಸಿದ. ಲಾಟರಿಯ ಸಾಲದಲ್ಲಿ ಸಿಕ್ಕಿ ಹೋಲಿಹೆಡ್ ಬಂದರಿನಲ್ಲಿ ಸೆರೆಯಾಗಿ, ಕಿಟಕಿಯಿಂದ ಹಾರಿ ವೇಲ್ಸಿನ ಗುಡ್ಡಗಳಲ್ಲಿ ಅಡಗಿದ್ದನೆಂಬ ಕಥೆಯೂ ಇದೆ. ಒಳಗಿನ ಪ್ರಾರ್ಥನಾ ಮಂದಿರದ ಚಾವಣಿಯನ್ನು ಗಾರೆಯ ದೇವದೂತರಿಂದಲೂ ದ್ರಾಕ್ಷಿಬಳ್ಳಿಗಳಿಂದಲೂ ತುಂಬಿಸಿದ್ದು ಭಕ್ತಿಗಾಗಿ ಮಾತ್ರವಲ್ಲ. ನೋಡಲು ಬಂದವರು ಕೈಬಿಚ್ಚಿ ಕೊಟ್ಟು ಹೋಗಲೆಂದೂ ಹೌದು. ಅವನು 1759ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ. ಆ ಬಳಿಕ 1764ರಲ್ಲಿ ಎದ್ದ ದುಂಡು ಸಭಾಂಗಣದಿಂದಲೇ ಆಸ್ಪತ್ರೆಗೆ ರೊಟುಂಡಾ ಎಂಬ ಹೆಸರು ನಿಂತಿತು. 1785ರಲ್ಲಿ ಡಬ್ಲಿನ್ನಿನ ಸಿರಿವಂತರು ಏರಿ ಮೆರೆಯುತ್ತಿದ್ದ ಮೇನೆಗಳ ಮೇಲೆ ತೆರಿಗೆ ವಿಧಿಸಿ ಆ ಹಣವನ್ನೂ ಬಾಣಂತಿಯರಿಗೆ ಕೊಡಿಸಿದರು. ಮೇನೆಯಲ್ಲಿ ಕುಳಿತವಳು ನೆಲದಲ್ಲಿ ಮಲಗಿದವಳ ಗಂಜಿಗೆ ಕಾಸು ಕೊಟ್ಟಂತಾಯಿತು. ಇದಕ್ಕಿಂತ ಅಂದವಾದ ತೆರಿಗೆಯನ್ನು ಯಾವ ಅರ್ಥಸಚಿವನು ಹಾಕಿದ್ದಾನೋ ಕಾಣೆ!

ಮಾಸನು ಬಿಟ್ಟುಹೋದ ಇನ್ನೊಂದು ಪದ್ಧತಿ ಈಗಲೂ ನಡೆದಿದೆ. ಆಸ್ಪತ್ರೆಯ ಮುಖ್ಯಸ್ಥನಿಗೆ ಸೂಪರಿಂಟೆಂಡೆಂಟ್ ಎಂಬ ಹೆಸರಿಲ್ಲ; ಅವನು ‘ಮಾಸ್ಟರ್’. ಏಳು ವರ್ಷ ಅವನದೇ ಆಳ್ವಿಕೆ. ಏಳು ತುಂಬಿದೊಡನೆ ಪೀಠವನ್ನು ಬಿಟ್ಟು ಇಳಿಯಬೇಕು. ಹೀಗಾಗಿ ಪ್ರತಿಯೊಬ್ಬ ಮಾಸ್ಟರನೂ ತನ್ನ ಕಾಲದ ಲೆಕ್ಕವನ್ನು ಜಗತ್ತಿನ ಮುಂದಿಡುವ ರೂಢಿ ಬಂತು: ಎಷ್ಟು ಹೆರಿಗೆ, ಎಷ್ಟು ಸಾವು, ಏತಕ್ಕೆ. ಈ ಲೆಕ್ಕದ ಪುಸ್ತಕಗಳೇ ಪರದೇಶದ ವಿದ್ಯಾರ್ಥಿಗಳನ್ನು ಸೆಳೆದ ಸೂಜಿಗಲ್ಲು ಎನ್ನಬಹುದು.

1782ಕ್ಕೆ ಮೊದಲು ಅಲ್ಲಿ ಜೀವಂತ ಹುಟ್ಟಿದ ಮಕ್ಕಳಲ್ಲಿ ಆರಕ್ಕೆ ಒಂದರಂತೆ ಎರಡು ವಾರದೊಳಗೆ ಸಾಯುತ್ತಿದ್ದವು, ಬಹುಪಾಲು ಸೆಟೆಬೇನೆಯಿಂದ. ಜೋಸೆಫ್ ಕ್ಲಾರ್ಕ್ ಎಂಬ ವೈದ್ಯನು ಕೋಣೆಗಳ ಕೊಳೆತ ಗಾಳಿಯೇ ಕಾರಣವೆಂದು ಊಹಿಸಿ ಕಿಟಕಿ ಬಾಗಿಲುಗಳ ಚೌಕಟ್ಟಿಗೆ ತೂತು ಕೊರೆಸಿದ, ಚಾವಣಿಯಲ್ಲಿ ಗಾಳಿಗಂಡಿ ಬಿಡಿಸಿದ. ಸಾವು ಸುಮಾರು ಹತ್ತೊಂಬತ್ತಕ್ಕೆ ಒಂದಕ್ಕೆ ಇಳಿಯಿತು. ಧನುರ್ವಾಯುವಿನ ಅಣುಜೀವಿ ಹೊಕ್ಕುಳಿನ ಗಾಯದಿಂದ ಒಳಹೋಗುವುದೆಂದು ಈಗ ಎಲ್ಲರಿಗೂ ಗೊತ್ತು. ಕ್ಲಾರ್ಕನ ಊಹೆ ತಪ್ಪು. ಆದರೂ ಗಾಳಿ ಬೆಳಕಿನೊಡನೆ ಶುಚಿಯೂ ಬಂತೆಂದು ತೋರುತ್ತದೆ, ಮಕ್ಕಳು ಉಳಿದವು.

ಅದಕ್ಕಿಂತ ದೊಡ್ಡ ಶತ್ರು ಬಾಣಂತಿ ಜ್ವರ. 1826ರಲ್ಲಿ ಮಾಸ್ಟರನಾದ ರಾಬರ್ಟ್ ಕಾಲಿನ್ಸನು ಜ್ವರ ಹರಡಿದಾಗ ವಾರ್ಡುಗಳನ್ನು ಒಂದೊಂದಾಗಿ ತೆರವುಮಾಡಿಸಿ, ಬಾಗಿಲು ಬಿಗಿದು, ನಲವತ್ತೆಂಟು ಗಂಟೆಗಳ ಕಾಲ ಕ್ಲೋರೀನ್ ಹೊಗೆಯನ್ನು ತುಂಬಿಸಿದ. ನೆಲಕ್ಕೂ ಮರಕ್ಕೂ ಕ್ಲೋರೀನ್ ಬೆರೆತ ಸುಣ್ಣವನ್ನು ಬಳಿಸಿದ, ಗೋಡೆಗೆ ಬಿಳಿ ಸುಣ್ಣ ಹೊಡೆಸಿದ, ಕಂಬಳಿಗಳನ್ನು ಬಿಸಿ ಗೂಡಿನಲ್ಲಿ ಕಾಯಿಸಿದ. 1829ರ ಆರಂಭದಿಂದ ಅವನು ಪೀಠ ಬಿಡುವವರೆಗೆ, ಹತ್ತು ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ, ಬಾಣಂತಿ ಜ್ವರದಿಂದ ಒಬ್ಬಳೂ ಸಾಯಲಿಲ್ಲವೆಂದು ಅವನು ಬರೆದಿಟ್ಟಿದ್ದಾನೆ. ಅಣುಜೀವಿಗಳೇ ರೋಗಕ್ಕೆ ಕಾರಣವೆಂಬ ಸಿದ್ಧಾಂತ ಹುಟ್ಟುವುದಕ್ಕೆ ಇನ್ನೂ ಕೆಲವು ದಶಕಗಳು ಇದ್ದವು!

ಈ ಕೀರ್ತಿ ದೂರದ ವಿಯೆನ್ನಾ ನಗರವನ್ನೂ ಮುಟ್ಟಿತ್ತು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು; ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ ಹನ್ನೊಂದು ತಾಯಂದಿರು ಸತ್ತರೆ, ಸೂಲಗಿತ್ತಿಯರಲ್ಲಿ ಮೂರಕ್ಕೂ ಕಡಮೆ. ಹೆಂಗಸರು ಮೊದಲನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಕಾಲು ಹಿಡಿದು ಬೇಡುತ್ತಿದ್ದರು. ಅಲ್ಲಿ ಸಹಾಯಕನಾಗಿದ್ದ ಹಂಗೇರಿಯ ತರುಣ ವೈದ್ಯ ಸೆಮ್ಮೆಲ್‌ವೈಸ್‌ಗೆ ಅದೇ ವರ್ಷದ ಕೊನೆಯಲ್ಲಿ ಹುದ್ದೆ ಕೈತಪ್ಪಿತು. ರೊಟುಂಡಾದಲ್ಲಿ ಕಲಿಯಬೇಕೆಂದು ನಿಶ್ಚಯಿಸಿ ಅವನು ಆ ಚಳಿಗಾಲವಿಡೀ ಕುಳಿತು ಇಂಗ್ಲಿಷ್ ಅಭ್ಯಾಸ ಮಾಡಿದ. ಆದರೆ ಅಷ್ಟರಲ್ಲಿ ಹುದ್ದೆ ಮತ್ತೆ ತೆರವಾಗಿ ಡಬ್ಲಿನ್ ಪ್ರಯಾಣ ನಿಂತುಹೋಯಿತು. ವೆನಿಸ್ಸಿಗೆ ಹೋಗಿಬಂದು ಕೆಲಸಕ್ಕೆ ಸೇರಿದವನಿಗೆ, ಶವಪರೀಕ್ಷೆಯ ಕತ್ತಿ ತಾಗಿ ಸ್ನೇಹಿತನೊಬ್ಬ ಬಾಣಂತಿಯರಂತೆಯೇ ಜ್ವರ ಬಂದು ಸತ್ತನೆಂಬ ಸುದ್ದಿ ಕಾದಿತ್ತು. ಗುಟ್ಟು ಹೊಳೆಯಿತು. ಹೆಣ ಕೊಯ್ದ ಕೈಯಿಂದಲೇ ವಿದ್ಯಾರ್ಥಿಗಳು ಹೆರಿಗೆಯ ಕೋಣೆಗೆ ಬರುತ್ತಿದ್ದರು! 1847ರ ಮೇ ತಿಂಗಳಿಂದ ಕ್ಲೋರೀನ್ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಮರುವರ್ಷ ಸಾವು ನೂರಕ್ಕೆ ಒಂದರ ಹತ್ತಿರ ಬಂತು. ಹೋಗಬೇಕಾದ ಊರಿಗೆ ಹೋಗದೆಯೂ ಒಬ್ಬ ವಿದ್ಯಾರ್ಥಿಯು ಆ ಊರಿನ ಪಾಠವನ್ನು ತಾನೇ ಕಂಡುಕೊಂಡ ಕಥೆ ಇದು.

ರೊಟುಂಡಾಕ್ಕೆ ನಿಜವಾಗಿ ಬಂದವರು ಕಲಿತದ್ದು ಗೋಡೆಗಳ ಒಳಗೆ ಮಾತ್ರವಲ್ಲ. ಆಸ್ಪತ್ರೆಯಿಂದ ಹತ್ತು ನಿಮಿಷ ನಡೆದರೆ ಹೆನ್ರಿಯೆಟಾ ಬೀದಿ. ಹದಿನೆಂಟನೆಯ ಶತಮಾನದ ಪ್ರಭುಗಳ ಮನೆಗಳು ಮುಂದೆ ಬಡವರ ವಠಾರಗಳಾದವು. 14ನೆಯ ನಂಬರಿನ ಮನೆಯೊಂದರಲ್ಲೇ 1911ರ ಜನಗಣತಿಯ ಹೊತ್ತಿಗೆ ನೂರು ಮಂದಿ ವಾಸವಾಗಿದ್ದರು. 2018ರಿಂದ ಅದು ವಸ್ತುಸಂಗ್ರಹಾಲಯ. ಪ್ರಭುಗಳ ಕಾಲದ ಗಾರೆಯ ಹೂಬಳ್ಳಿಯ ಕೆಳಗೆ ವಠಾರದ ಕೆಂಪು ನೀಲಿ ಬಣ್ಣ ಇನ್ನೂ ಅಂಟಿರುವುದನ್ನು ನೋಡಬಹುದು. ಇಂತಹ ವಠಾರಗಳಿಂದ ರಾತ್ರಿ ಕರೆ ಬಂದರೆ ಆಸ್ಪತ್ರೆಯಲ್ಲಿ ಬಿಡಾರವಿದ್ದ ವಿದ್ಯಾರ್ಥಿಗಳು ಚೀಲ ಹಿಡಿದು ಓಡುತ್ತಿದ್ದರು. ಒಂದು ಸಂಸಾರಕ್ಕೆ ಒಂದೇ ಕೋಣೆ. ನೀರಿನ ನಲ್ಲಿ ಕೆಳಗೆ ಅಂಗಳದಲ್ಲಿ. ದೀಪಕ್ಕೆ ಒಂದು ಮೇಣದ ಬತ್ತಿ. ಉಳಿದ ಮಕ್ಕಳನ್ನು ನೆರೆಯಾಕೆ ತನ್ನ ಕೋಣೆಗೆ ಕರೆದೊಯ್ಯುವಳು. ಇಂಗ್ಲೆಂಡಿನ, ಅಮೆರಿಕದ, ಮುಂದೆ ಭಾರತದ ತರುಣ ತರುಣಿಯರು ಪಠ್ಯಪುಸ್ತಕದ ಚಿತ್ರಗಳಿಗೂ ಈ ಕೋಣೆಗೂ ಇರುವ ಅಂತರವನ್ನು ಹೀಗೆ ಅಳೆದರು.

ಅವರಲ್ಲಿ ಒಬ್ಬರು ತಿರುವಾಂಕೂರಿನ ಮೇರಿ ಪೂನ್ನೆನ್ ಲೂಕೋಸ್. 1886ರಲ್ಲಿ ಹುಟ್ಟಿದ ಇವರಿಗೆ ಹೆಣ್ಣೆಂಬ ಕಾರಣಕ್ಕೆ ತಿರುವನಂತಪುರದ ಕಾಲೇಜಿನಲ್ಲಿ ವಿಜ್ಞಾನದ ತರಗತಿ ಸಿಗಲಿಲ್ಲ. ಇತಿಹಾಸ ಓದಿ ಬಿ.ಎ. ಮುಗಿಸಿದರು. ಹಟ ಬಿಡದೆ ಲಂಡನ್ನಿಗೆ ಹೋಗಿ ವೈದ್ಯ ಪದವಿ ಪಡೆದು, ರೊಟುಂಡಾದಲ್ಲಿ ಪ್ರಸೂತಿಯ ತರಬೇತಿ ಹೊಂದಿ, ಮೊದಲನೆಯ ಮಹಾಯುದ್ಧದ ನಡುವೆ 1916ರಲ್ಲಿ ಊರಿಗೆ ಮರಳಿ ತೈಕಾಡಿನ ಹೆಂಗಸರ ಆಸ್ಪತ್ರೆಯನ್ನು ವಹಿಸಿಕೊಂಡರು. 1938ರಲ್ಲಿ ಸಂಸ್ಥಾನದ ಸರ್ಜನ್ ಜನರಲ್ ಆದರು. ವಿಜ್ಞಾನದ ತರಗತಿಯ ಬಾಗಿಲನ್ನು ಮುಚ್ಚಿದ ಸಂಸ್ಥಾನದಲ್ಲೇ ಎಲ್ಲ ವೈದ್ಯರಿಗೂ ಮೇಲಿನವರಾದರು. ಐರ್ಲೆಂಡಿನ ವೈದ್ಯಮಂಡಲಿಯಾದರೋ ಹೆಂಗಸರಿಗೆ ವೈದ್ಯ ಪರೀಕ್ಷೆಯ ಬಾಗಿಲನ್ನು 1877ರಲ್ಲೇ ತೆರೆದಿತ್ತು. ಲಂಡನ್ನಿನ ದೊಡ್ಡವರಿಗೆ ಇನ್ನೂ ಮನಸ್ಸು ಬಾರದಿದ್ದ ಕಾಲ ಅದು.

ಇಂದು ಆ ಬಾಗಿಲಿಗೆ ಬರುವ ಪರದೇಶದ ವಿದ್ಯಾರ್ಥಿಯ ಸ್ಥಿತಿ ಬೇರೆ. ಮಲೇಷ್ಯಾ, ಕುವೈತ್, ಕೆನಡಾಗಳ ಮಕ್ಕಳು ಸ್ಟೀಫನ್ಸ್ ಗ್ರೀನ್ ಉದ್ಯಾನದ ಎದುರಿನ ಶಸ್ತ್ರವೈದ್ಯರ ಕಾಲೇಜಿನಲ್ಲಿ ಪೂರ್ಣ ವ್ಯಾಸಂಗವನ್ನೇ ಮಾಡುತ್ತಾರೆ. 1784ರಲ್ಲಿ ಹುಟ್ಟಿದ ಆ ಸಂಸ್ಥೆಯ ಮುಂಗಂಬಗಳಲ್ಲಿ 1916ರ ಗುಂಡಿನ ಗುರುತುಗಳಿವೆ. ಬೇರೆ ದೇಶದಲ್ಲಿ ಓದುತ್ತಿದ್ದು ನಾಲ್ಕಾರು ವಾರಗಳ ಅನುಭವಕ್ಕಾಗಿ ಬರುವವರು ಇನ್ನೊಂದು ಬಗೆ. ಅವರ ಪಾಡು ಮೊದಲು ಕಾಗದಗಳೊಡನೆ: ಕಾಲೇಜಿನ ಡೀನರ ಪತ್ರ, ಪೊಲೀಸರ ಪ್ರಮಾಣಪತ್ರ, ಕಾಮಾಲೆಯ ಚುಚ್ಚುಮದ್ದಿನ ದಾಖಲೆ, ಕ್ಷಯವಿಲ್ಲವೆಂಬ ರುಜುವಾತು, ತಪ್ಪು ನಡೆದರೆ ಹೊಣೆಯ ವಿಮೆ. ಐರ್ಲೆಂಡಿಗೂ ಬ್ರಿಟನ್ನಿಗೂ ವೀಸಾ ಬೇರೆ ಬೇರೆ ಎಂಬುದನ್ನು ಮರೆತು ತೊಂದರೆಗೀಡಾಗುವವರೂ ಉಂಟು. ಬಾಡಿಗೆಯ ಮಾತನ್ನಂತೂ ಎತ್ತದಿರುವುದೇ ಲೇಸು.

ಒಳಗೆ ಕಾಲಿಟ್ಟ ಮೇಲೆ ಮೊದಲ ಪಾಠ ಕೈಗೇ. ತೋಳು ಮೊಳಕೈವರೆಗೆ ಬರಿದಾಗಿರಬೇಕು, ಕೈಗಡಿಯಾರ ಕೂಡದು, ನಮ್ಮ ಹೆಣ್ಣುಮಕ್ಕಳು ಬಳೆಯನ್ನೂ ತೆಗೆದಿಡಬೇಕು. ಬಸುರಿಯರ ಮನೆಗೆ ಬಳೆ ತೆಗೆದು ಹೋಗುವುದು ಅಜ್ಜಿಯರಿಗೆ ಒಪ್ಪುವ ಮಾತಲ್ಲ. ಆದರೆ ಕಾಲಿನ್ಸ್, ಸೆಮ್ಮೆಲ್‌ವೈಸರ ಪಾಠವನ್ನು ಕಂಡವರು ಅಲ್ಲಗಳೆಯುವುದು ಕಷ್ಟ. ಎರಡನೆಯ ಪಾಠ ಬಾಯಿಗೆ. ಹಾಸಿಗೆಯ ಬಳಿ ನಿಂತು ಹೆಸರು ಹೇಳಿ, ತಾನು ವಿದ್ಯಾರ್ಥಿಯೆಂದು ತಿಳಿಸಿ, ಇರಬಹುದೇ ಎಂದು ಕೇಳಬೇಕು. ಬೇಡವೆಂದರೆ ತಲೆಬಾಗಿ ಹೊರಬರಬೇಕು. ವಾಣಿವಿಲಾಸದಂತಹ ಆಸ್ಪತ್ರೆಗಳ ನೂಕುನುಗ್ಗಲಿನಲ್ಲಿ ಒಂದೇ ರಾತ್ರಿಗೆ ಹಲವು ಹೆರಿಗೆಗಳನ್ನು ಕಂಡು ಬಂದ ಭಾರತದ ಹುಡುಗನಿಗೆ, ಹೊರಗೆ ಪಡಸಾಲೆಯಲ್ಲಿ ಕಾಯುತ್ತ ಕಳೆದ ಗಂಟೆಗಳು ವ್ಯರ್ಥವೆನಿಸುವುದು ಸಹಜ. ವರ್ಷಕ್ಕೆ ಸುಮಾರು ಎಂಟು ಸಾವಿರ ಮಕ್ಕಳು ಹುಟ್ಟುವ ಮನೆ ಅದು. ಆದರೂ ಸಹಜವಾದ ಹೆರಿಗೆ ಅಲ್ಲಿ ಸೂಲಗಿತ್ತಿಯರದೇ ರಾಜ್ಯ. ಅವರ ಕೃಪೆಯಿಲ್ಲದೆ ವಿದ್ಯಾರ್ಥಿಗೆ ಒಂದು ಕುರ್ಚಿಯೂ ಸಿಗದು. ಪದವಿಗಳ ಸಾಲನ್ನು ಹೊತ್ತ ವೈದ್ಯನಿಗಿಂತ ಮೊದಲು, ಕಹಳೆಯಂತಹ ಮರದ ಕೊಳವೆಯನ್ನು ಹೊಟ್ಟೆಗೆ ಇಟ್ಟು, ಕಿವಿ ಒತ್ತಿ, ಕಣ್ಮುಚ್ಚಿ ಮಗುವಿನ ಎದೆಬಡಿತವನ್ನು ಎಣಿಸುವುದನ್ನು ಅವರಿಂದಲೇ ಕಲಿಯಬೇಕು.

ಮೂರನೆಯದು ಕಿವಿಯ ಪಾಠ. ಡಬ್ಲಿನ್ನಿನ ಹೆಂಗಸನ್ನು ಹೇಗಿದ್ದೀರೆಂದು ಕೇಳಿದರೆ ‘ಗ್ರ್ಯಾಂಡ್’ ಎನ್ನುತ್ತಾಳೆ. ಚೆನ್ನಾಗಿದ್ದೇನೆ ಎಂಬುದು ಅಕ್ಷರಾರ್ಥ. ನಿಜವಾಗಿಯೂ ಚೆನ್ನಾಗಿದ್ದರೂ ಅದೇ ಮಾತು, ನೋವನ್ನು ಹಲ್ಲು ಕಚ್ಚಿ ತಡೆಯುತ್ತಿದ್ದರೂ ಅದೇ ಮಾತು. ನಮ್ಮ ಹಳ್ಳಿಯ ಸೊಸೆ ‘ಏನಿಲ್ಲ, ಬಿಡಿ’ ಎನ್ನುವ ಹಾಗೆ. ಹೇಳಿದ್ದನ್ನು ನಂಬಿ ಮುಂದಿನ ಹಾಸಿಗೆಗೆ ಹೋಗುವ ವಿದ್ಯಾರ್ಥಿಯನ್ನು ಸೂಲಗಿತ್ತಿಯು ಹಿಂದಕ್ಕೆ ಕರೆದು ನಾಡಿ ಹಿಡಿಯಲು ಹೇಳುತ್ತಾಳೆ.

ನಾಡಿ, ಉಸಿರು, ಜ್ವರ, ರಕ್ತದ ಒತ್ತಡ. ಇವುಗಳನ್ನು ತುಂಬಲು ಈಗ ಐರ್ಲೆಂಡಿನ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ಒಂದೇ ಬಗೆಯ ನಕ್ಷೆಯ ಹಾಳೆಯಿದೆ. ಅಂಕಿ ಮೇರೆ ಮೀರಿದರೆ ಬಣ್ಣದ ಪಟ್ಟಿಯೊಳಗೆ ಬೀಳುತ್ತದೆ. ಬಿದ್ದೊಡನೆ ಯಾರನ್ನು, ಎಷ್ಟು ಹೊತ್ತಿನೊಳಗೆ ಕರೆಯಬೇಕೆಂಬುದೂ ಗೊತ್ತಾಗಿರುತ್ತದೆ. ದೇಶಕ್ಕೆಲ್ಲ ಒಂದಾಗಿ ಈ ಹಾಳೆ ಬಂದದ್ದು 2013ರಲ್ಲಿ. ಅದರ ಹಿಂದಿನ ವರ್ಷ ನಡೆದದ್ದನ್ನು ಕನ್ನಡಿಗರು ಮರೆತಿರಲಾರರು.

ಬೆಳಗಾವಿಯ ಸವಿತಾ ಹಾಲಪ್ಪನವರ್ ದಂತವೈದ್ಯೆ. ಗಂಡನೊಡನೆ ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್ 21ರಂದು, ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ, ಬೆನ್ನುನೋವೆಂದು ಅಲ್ಲಿಯ ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವುದಿಲ್ಲವೆಂದು ವೈದ್ಯರಿಗೆ ತಿಳಿಯಿತು. ಉಳಿಯಲಾರದ ಗರ್ಭವನ್ನು ತೆಗೆದುಬಿಡಿರೆಂದು ದಂಪತಿಗಳು ಬೇಡಿದರು. ಭ್ರೂಣದ ಎದೆ ಬಡಿಯುತ್ತಿರುವವರೆಗೆ ದೇಶದ ಕಾನೂನು ಅವಕಾಶ ಕೊಡದೆಂಬ ಉತ್ತರ ಬಂತು. ಈ ನಡುವೆ ನಂಜು ರಕ್ತಕ್ಕೇರಿತು. ಅದರ ಸೂಚನೆಗಳನ್ನು ಹೊತ್ತಿಗೆ ಸರಿಯಾಗಿ ಗುರುತಿಸಲಿಲ್ಲವೆಂದು ಮುಂದೆ ನಡೆದ ವಿಚಾರಣೆಗಳು ಹೇಳಿದವು. ಅಕ್ಟೋಬರ್ 28ರಂದು ಅವರು ತೀರಿಕೊಂಡರು. ವಯಸ್ಸು ಮೂವತ್ತೊಂದು. ಬಾಣಂತಿ ಜ್ವರವನ್ನು ವಿಯೆನ್ನಾಕ್ಕಿಂತ ಮೊದಲೇ ಹೊರಗಟ್ಟಿದ ದೇಶದಲ್ಲಿ, ಅದೇ ಜಾತಿಯ ನಂಜಿಗೆ, ವೈದ್ಯಶಾಸ್ತ್ರವನ್ನು ತಾನೇ ಬಲ್ಲ ಒಬ್ಬ ಹೆಣ್ಣುಮಗಳು ಬಲಿಯಾದಳು.

ಡಬ್ಲಿನ್ನಿನ ಬೀದಿಗಳಲ್ಲಿ ಸಾವಿರಾರು ಮಂದಿ ಮೇಣದ ಬತ್ತಿ ಹಿಡಿದು ನಡೆದರು. 2013ರಲ್ಲಿ ತಾಯಿಯ ಜೀವ ಉಳಿಸಲು ಅವಕಾಶ ಕೊಡುವ ಕಾನೂನು ಬಂತು. 2018ರ ಮೇ 25ರಂದು ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ನೂರಕ್ಕೆ 66.4 ಮಂದಿ ಮತ ನೀಡಿದರು. ಆ ದಿನಗಳಲ್ಲಿ ನಗರದ ದಕ್ಷಿಣ ಭಾಗದ ಪೋರ್ಟೊಬೆಲ್ಲೊದಲ್ಲಿ ಒಂದು ಗೋಡೆಯ ಮೇಲೆ ಸವಿತಾ ಅವರ ನಗುಮುಖದ ಚಿತ್ರ ಬರೆದಿದ್ದರು. ಮತ ಹಾಕಿ ಬಂದವರು ಸಣ್ಣ ಸಣ್ಣ ಚೀಟಿಗಳಲ್ಲಿ ಕ್ಷಮೆ ಕೇಳಿ ಬರೆದು ಆ ಗೋಡೆಗೆ ಅಂಟಿಸುತ್ತ ಹೋದರು, ಚೀಟಿಗಳು ನೂರಾರಾದವು. ಹಣೆಯಲ್ಲಿ ಕುಂಕುಮವಿದ್ದ ಆ ಮುಖದ ಮುಂದೆ ಹೂವಿಟ್ಟು ನಿಂತ ಐರಿಷ್ ಮುದುಕಿಯರಿಗೆ ಬೆಳಗಾವಿ ಎಲ್ಲಿದೆಯೆಂದು ಗೊತ್ತಿದ್ದಿರಲಾರದು.

ರೊಟುಂಡಾದ ರಾತ್ರಿಯ ಪಾಳಿಯಲ್ಲಿ ಪಡಸಾಲೆಯ ದೀಪ ತಗ್ಗಿಸಿರುತ್ತಾರೆ. ಐರಿಷ್ ಉಚ್ಚಾರದ ನಡುವೆ ಕೇರಳದ ದಾದಿಯರ ಮಲಯಾಳ ಮೆಲ್ಲಗೆ ಕೇಳುತ್ತದೆ. ಹೊರಗೆ ಪಾರ್ನೆಲ್ ಬೀದಿಯಲ್ಲಿ ಕೊನೆಯ ಟ್ರಾಮು ಹೋಗಿಬಿಟ್ಟಿದೆ. ಮಳೆ ಇನ್ನೂ ನಿರ್ಧರಿಸಿಲ್ಲ. ಮೊಳಕೈವರೆಗೆ ತೋಳು ಮಡಿಸಿದ ಪರದೇಶದ ವಿದ್ಯಾರ್ಥಿ ಮಂಚದ ಬಳಿ ಬಂದು, ಹೆಸರು ಹೇಳಿ, ಇರಬಹುದೇ ಎಂದು ಕೇಳುತ್ತಾನೆ. ಹೂಂ ಎನ್ನುತ್ತಾಳೆ ಹೆಂಗಸು. ಹೇಗಿದ್ದೀರೆಂದರೆ, ಗ್ರ್ಯಾಂಡ್. ಅವನು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಗೋಡೆಯ ಗಡಿಯಾರವನ್ನು ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಿ, ಅಂಕಿಯನ್ನು ಹಾಳೆಯ ಮೇಲೆ ಬರೆಯುತ್ತಾನೆ.